ಗುಂಡಿಗೆ ಮನುಷ್ಯನನ್ನು ಇಳಿಸುವ ಮಾತು ಬಂದಾಗ: ವಸತಿ ಸಂಘಗಳಿಗೂ ಮೇಲ್ವಿಚಾರಕರಿಗೂ ಒಂದು ಕೈಪಿಡಿ

ದೊಡ್ಡ ವಸತಿ ಸಮುಚ್ಚಯಗಳ ನೆಲಮಾಳಿಗೆಯಲ್ಲಿ ಕೊಳಚೆ ನೀರಿನ ಶುದ್ಧೀಕರಣ ಘಟಕವಿರುತ್ತದೆ. ನಿವಾಸಿಗಳಿಗೂ ಕೆಲಸಗಾರರಿಗೂ ಅದು ಎಸ್‌ಟಿಪಿ ಎಂದೇ ಪರಿಚಿತ. ಅಲ್ಲಿ ಒಂದು ದಿನ ಸಬ್‌ಮರ್ಸಿಬಲ್ ಪಂಪು ಕೆಟ್ಟು ನಿಲ್ಲುತ್ತದೆ, ಇಲ್ಲವೇ ಜಾಲರಿ ತೊಟ್ಟಿಯಲ್ಲಿ ಬಟ್ಟೆಯೂ ಪ್ಲಾಸ್ಟಿಕ್ಕೂ ಸಿಕ್ಕಿಕೊಂಡು ನೀರು ಹಿಂದಕ್ಕೆ ಒತ್ತುತ್ತದೆ, ಇಲ್ಲವೇ ಕೆಸರಿನ ತೊಟ್ಟಿ ತುಂಬಿ ಉಕ್ಕುತ್ತದೆ. ಕೆಳಮಹಡಿಯ ಮನೆಗಳ ಬಚ್ಚಲಲ್ಲಿ ಕೊಳಚೆ ಮೇಲೆದ್ದೊಡನೆ ಸಂಘದ ಕಾರ್ಯದರ್ಶಿಗೆ ಕರೆಗಳು ಬರತೊಡಗುತ್ತವೆ. ಅವರು ಫೆಸಿಲಿಟಿ ಮ್ಯಾನೇಜರ್‌ಗೆ ಹೇಳುತ್ತಾರೆ, ಮ್ಯಾನೇಜರ್ ನಿರ್ವಹಣೆಯ ಗುತ್ತಿಗೆದಾರನಿಗೆ ಹೇಳುತ್ತಾರೆ, ಗುತ್ತಿಗೆದಾರ ತನಗೆ ಗೊತ್ತಿರುವ ಮೇಸ್ತ್ರಿಗೆ ಹೇಳುತ್ತಾನೆ. ಸ್ವಲ್ಪ ಹೊತ್ತಿಗೆ ಹಗ್ಗ, ಬಕೆಟ್ಟು, ಹಾರೆ ಹಿಡಿದ ಇಬ್ಬರು ಮೂವರು ಗೇಟಿನ ಬಳಿ ಬಂದು ನಿಂತಿರುತ್ತಾರೆ. ಇಷ್ಟು ಕರೆಗಳಲ್ಲಿ ಯಾರೊಬ್ಬರೂ ‘ಮನುಷ್ಯನನ್ನು ಒಳಗಿಳಿಸಿ’ ಎಂದು ಬಾಯಿಬಿಟ್ಟು ಹೇಳಿರುವುದಿಲ್ಲ. ಆದರೆ ಎಲ್ಲರೂ ಸೇರಿ ಅದನ್ನೇ ತೀರ್ಮಾನಿಸಿರುತ್ತಾರೆ.

ಈ ಬರಹ ಆ ಕರೆಗಳ ಸರಪಣಿಯಲ್ಲಿ ಇರುವವರಿಗೆ, ಅಂದರೆ ಸಂಘದ ಪದಾಧಿಕಾರಿಗಳಿಗೆ, ಮ್ಯಾನೇಜರ್‌ಗಳಿಗೆ, ನಿರ್ವಹಣಾ ಸಂಸ್ಥೆಯ ಮೇಲ್ವಿಚಾರಕರಿಗೆ ಮತ್ತು ಘಟಕವನ್ನು ನಡೆಸುವ ಆಪರೇಟರ್‌ಗಳಿಗೆ ಬರೆದದ್ದು. ಸುರಕ್ಷತೆಯ ಪ್ರಶ್ನೆಯನ್ನು ನಾವು ಬಹಳ ಬಾರಿ ಸಲಕರಣೆಯ ಪ್ರಶ್ನೆಯೆಂದೇ ನೋಡುತ್ತೇವೆ. ಸಲಕರಣೆ ಬೇಕು, ನಿಜ. ಆದರೆ ಸಲಕರಣೆ ಇಲ್ಲದಿದ್ದಾಗ ಕೆಲಸ ನಿಲ್ಲಿಸುವ ಅಧಿಕಾರ ಯಾರಿಗಿದೆ, ನಿಲ್ಲಿಸಿದರೆ ಯಾರ ಕೂಲಿ ಹೋಗುತ್ತದೆ, ನಿವಾಸಿಗಳ ಅನನುಕೂಲಕ್ಕೂ ಒಬ್ಬನ ಜೀವಕ್ಕೂ ನಡುವೆ ತೂಗುವವರು ಯಾರು ಎಂಬುದು ನೀತಿಯ ಪ್ರಶ್ನೆ. ಗುಂಡಿಯ ಬಾಯಿಯ ಬಳಿ ನಿಂತು ಈ ಪ್ರಶ್ನೆಗೆ ಉತ್ತರ ಹುಡುಕುವುದು ತಡವಾದ ಕೆಲಸ. ಗುತ್ತಿಗೆ ಬರೆಯುವ ದಿನ, ವಾರ್ಷಿಕ ಬಜೆಟ್ ಒಪ್ಪುವ ದಿನ, ಪಂಪು ಕೂರಿಸುವ ದಿನ ನಾವು ಏನು ಮಾಡಿದೆವು ಎಂಬುದರ ಮೇಲೆಯೇ ಆ ಹೊತ್ತಿನಲ್ಲಿ ನಮ್ಮ ಮುಂದೆ ಎಂಥ ದಾರಿಗಳು ಉಳಿದಿರುತ್ತವೆ ಎಂಬುದು ನಿಂತಿರುತ್ತದೆ.

ಮೊದಲು ಅಪಾಯವನ್ನು ಅರಿಯಿರಿ

ಅಪಾಯದ ಸ್ವರೂಪ ಗೊತ್ತಿಲ್ಲದವರು ಅದನ್ನು ಇನ್ನೊಬ್ಬರ ಮೇಲೆ ಹೊರಿಸುವ ತೀರ್ಮಾನ ಕೈಗೊಳ್ಳುವ ಹಾಗಿಲ್ಲ. ಆದ್ದರಿಂದ ಪದಾಧಿಕಾರಿಗಳೂ ಇಷ್ಟನ್ನು ತಿಳಿದಿರಲೇಬೇಕು.

ಗಾಳಿಯಾಡದ ಕೊಳಚೆ ಕೊಳೆಯುವಾಗ ಹೈಡ್ರೋಜನ್ ಸಲ್ಫೈಡ್, ಮೀಥೇನ್, ಇಂಗಾಲದ ಡೈಆಕ್ಸೈಡ್ ಹುಟ್ಟುತ್ತವೆ. ಇವುಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಅತ್ಯಂತ ಘಾತಕ. ಕೊಳೆತ ಮೊಟ್ಟೆಯ ವಾಸನೆಯ ಈ ಅನಿಲ ಗಾಳಿಗಿಂತ ಭಾರವಾಗಿರುವುದರಿಂದ ತೊಟ್ಟಿಯ ತಳದಲ್ಲಿ ತಂಗುತ್ತದೆ. ಗಾಳಿಯಲ್ಲಿ ಒಂದು ಪಿಪಿಎಂಗಿಂತ ಕಡಿಮೆ, ಅಂದರೆ ಹತ್ತು ಲಕ್ಷ ಪಾಲಿನಲ್ಲಿ ಒಂದು ಪಾಲೂ ಇಲ್ಲದಾಗಲೇ ಮೂಗಿಗೆ ಅದು ತಿಳಿಯುತ್ತದೆ. ಆದರೆ ಸುಮಾರು 100 ಪಿಪಿಎಂ ಮುಟ್ಟಿದಾಗ ಕೆಲವೇ ನಿಮಿಷಗಳಲ್ಲಿ ವಾಸನೆ ಗ್ರಹಿಸುವ ಶಕ್ತಿಯೇ ಮರಗಟ್ಟುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆಯಾದ ನಿಯೋಶ್, ಜೀವಕ್ಕೆ ತಕ್ಷಣದ ಅಪಾಯ ಎಂದು ಗುರುತಿಸಿರುವ ಮಟ್ಟವೂ ಅದೇ 100 ಪಿಪಿಎಂ. ‘ವಾಸನೆ ಹೋಯಿತು, ಈಗ ಇಳಿಯಬಹುದು’ ಎಂದು ಮೇಸ್ತ್ರಿ ಹೇಳುವ ಮಾತು ಹೀಗೆ ಸಾವಿನ ಸೂಚನೆಯೂ ಆಗಿರಬಹುದು. 500 ಪಿಪಿಎಂ ದಾಟಿದರೆ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ. 1000ದ ಹತ್ತಿರ ಒಂದೆರಡು ಉಸಿರಿಗೇ ಮನುಷ್ಯ ಕುಸಿಯುತ್ತಾನೆ, ಕೂಗಿಕೊಳ್ಳಲೂ ಆಗುವುದಿಲ್ಲ.

ಇದರ ಜೊತೆಗೆ ಆಮ್ಲಜನಕದ ಕೊರತೆ ಇರುತ್ತದೆ. ಹೊರಗಿನ ಗಾಳಿಯಲ್ಲಿ ಶೇ. 20.9ರಷ್ಟು ಇರುವ ಆಮ್ಲಜನಕ ಶೇ. 19.5ಕ್ಕಿಂತ ಕೆಳಗಿಳಿದರೆ ಆ ಜಾಗ ಪ್ರವೇಶಕ್ಕೆ ತಕ್ಕದ್ದಲ್ಲ. ಮೀಥೇನ್ ಶೇ. 5ರಷ್ಟಾದರೆ ಒಂದು ಕಿಡಿ ಸಾಕು, ಸ್ಫೋಟವಾಗುತ್ತದೆ. ಇನ್ನೊಂದು ಸಂಗತಿಯನ್ನು ಅನುಭವಿ ಮೇಲ್ವಿಚಾರಕರೂ ಮರೆಯುತ್ತಾರೆ: ತಳದ ಕೆಸರಿನೊಳಗೆ ಅನಿಲ ಗುಳ್ಳೆಗಳಾಗಿ ಸೆರೆಯಾಗಿರುತ್ತದೆ. ಮೇಲಿನಿಂದ ಅಳೆದಾಗ ಎಲ್ಲವೂ ಸರಿಯಿದೆ ಎಂದು ಮೀಟರು ತೋರಿಸಿದರೂ ಕೆಸರಿಗೆ ಕಾಲಿಟ್ಟು ಕಲಕಿದ ಮರುಗಳಿಗೆ ಅನಿಲ ಬಿಡುಗಡೆಯಾಗುತ್ತದೆ. ಆದ್ದರಿಂದ ಇಳಿಯುವ ಮುಂಚೆ ಒಮ್ಮೆ ಅಳೆದೆವು ಎಂಬುದು ಸಾಲದು; ಕೆಲಸ ಮುಗಿದು ಮನುಷ್ಯ ಹೊರಬರುವ ತನಕ ಅಳೆಯುತ್ತಲೇ ಇರಬೇಕು.

ಬೆಂಕಿಕಡ್ಡಿ ಗೀರಿ ನೋಡುವುದು, ದೀಪ ಇಳಿಸುವುದು, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳುವುದು, ಆಸ್ಪತ್ರೆಯಲ್ಲಿ ಬಳಸುವ ಮಾಸ್ಕು ಹಾಕಿಕೊಳ್ಳುವುದು, ಇವು ಯಾವುವೂ ರಕ್ಷಣೆಯಲ್ಲ. ಬೆಂಕಿಕಡ್ಡಿಯಂತೂ ಸ್ಫೋಟಕ್ಕೆ ಆಹ್ವಾನ. ಸೋಸುವ ಮಾಸ್ಕು ಎಷ್ಟೇ ಬೆಲೆಯದಾದರೂ ಇಲ್ಲದ ಆಮ್ಲಜನಕವನ್ನು ಸೃಷ್ಟಿಸಲಾರದು.

ಕಾನೂನು ಏನು ಹೇಳುತ್ತದೆ

ಮಲಹೊರುವ ವೃತ್ತಿಗೆ ನೇಮಿಸುವುದನ್ನು ನಿಷೇಧಿಸಿ ಪುನರ್ವಸತಿ ಕಲ್ಪಿಸುವ 2013ರ ಕಾಯ್ದೆ ಅದೇ ವರ್ಷದ ಡಿಸೆಂಬರ್ 6ರಂದು ಜಾರಿಗೆ ಬಂತು. ಅದರ 7ನೇ ಸೆಕ್ಷನ್, ಒಳಚರಂಡಿ ಅಥವಾ ಶೌಚಗುಂಡಿಯ ಅಪಾಯಕಾರಿ ಶುಚಿಕಾರ್ಯಕ್ಕೆ ಯಾವುದೇ ವ್ಯಕ್ತಿಯಾಗಲಿ ಸಂಸ್ಥೆಯಾಗಲಿ ಯಾರನ್ನೂ ನೇರವಾಗಿಯೋ ಪರೋಕ್ಷವಾಗಿಯೋ ತೊಡಗಿಸಬಾರದು ಎನ್ನುತ್ತದೆ. ಪರೋಕ್ಷವಾಗಿ ಎಂಬ ಮಾತನ್ನು ಸಂಘದ ಪದಾಧಿಕಾರಿಗಳು ಎರಡು ಸಲ ಓದಿಕೊಳ್ಳಬೇಕು. ಕೆಲಸವನ್ನು ಗುತ್ತಿಗೆದಾರನ ಮೂಲಕ ಮಾಡಿಸಿದೆವು ಎಂಬುದು ತಪ್ಪಿಸಿಕೊಳ್ಳುವ ದಾರಿಯಲ್ಲ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷದವರೆಗೆ ಸೆರೆವಾಸ ಅಥವಾ 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ, ಮರುಕಳಿಸಿದರೆ 5 ವರ್ಷದವರೆಗೆ ಸೆರೆವಾಸ ಅಥವಾ 5 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಈ ಅಪರಾಧಕ್ಕೆ ಜಾಮೀನು ಹಕ್ಕಾಗಿ ಸಿಗುವುದಿಲ್ಲ. ಸಾವು ಸಂಭವಿಸಿದರೆ ನಿರ್ಲಕ್ಷ್ಯದಿಂದಾದ ಸಾವಿನ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ನಿನಡಿ ಪ್ರತ್ಯೇಕವಾಗಿ ದಾಖಲಾಗಬಹುದು.

ಸುಪ್ರೀಂ ಕೋರ್ಟು 2014ರ ಮಾರ್ಚ್ 27ರ ತೀರ್ಪಿನಲ್ಲಿ, ತುರ್ತು ಪರಿಸ್ಥಿತಿಯಲ್ಲೂ ಸುರಕ್ಷಾ ಸಲಕರಣೆಯಿಲ್ಲದೆ ಒಳಚರಂಡಿಗೆ ಇಳಿಸುವುದನ್ನು ಅಪರಾಧವೆಂದು ಪರಿಗಣಿಸಬೇಕು ಎಂದಿತು. 2023ರ ಅಕ್ಟೋಬರ್ 20ರಂದು, ಹೀಗೆ ಸತ್ತವರ ಕುಟುಂಬಕ್ಕೆ ಸಲ್ಲಬೇಕಾದ ಪರಿಹಾರವನ್ನು 10 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಿತು. 2025ರ ಜನವರಿ 29ರಂದು ಬೆಂಗಳೂರೂ ಸೇರಿದಂತೆ ಆರು ಮಹಾನಗರಗಳಲ್ಲಿ ಮಲಹೊರುವ ಪದ್ಧತಿಯನ್ನೂ ಅಪಾಯಕಾರಿ ಒಳಚರಂಡಿ ಶುಚಿಕಾರ್ಯವನ್ನೂ ನಿಲ್ಲಿಸುವಂತೆ ಆದೇಶಿಸಿತು.

ಇಷ್ಟೆಲ್ಲ ಇದ್ದೂ ಕಾನೂನನ್ನು ನಿಮ್ಮ ತೀರ್ಮಾನದ ಛಾವಣಿಯನ್ನಾಗಿ ಮಾಡಿಕೊಳ್ಳಬೇಡಿ, ಅದು ನೆಲ ಮಾತ್ರ. ಕಾನೂನಿನ ಭಯವನ್ನಷ್ಟೇ ನೆಚ್ಚಿದವರು ಕೊನೆಗೆ ಕಾಗದಪತ್ರ ಸರಿಮಾಡಿಕೊಳ್ಳುವುದರಲ್ಲಿ ನಿಲ್ಲುತ್ತಾರೆ. ಕೆಲಸಗಾರನಿಂದ ‘ನನ್ನ ಸ್ವಂತ ಜವಾಬ್ದಾರಿಯಲ್ಲಿ ಇಳಿಯುತ್ತಿದ್ದೇನೆ’ ಎಂದು ಬರೆಸಿಕೊಳ್ಳುವ ಪದ್ಧತಿ ಇಂಥ ಮನಸ್ಸಿನಿಂದಲೇ ಹುಟ್ಟುವುದು. ಆ ಚೀಟಿ ಯಾರ ಜೀವವನ್ನೂ ಉಳಿಸುವುದಿಲ್ಲ. ಅಪಾಯ ನಿಮಗೆ ಮೊದಲೇ ಗೊತ್ತಿತ್ತು ಎಂಬುದಕ್ಕೆ ಸಾಕ್ಷಿಯಾಗುತ್ತದೆ, ಅಷ್ಟೆ.

ಆ ಹೊತ್ತಿನಲ್ಲಿ ಕೇಳಿಬರುವ ವಾದಗಳು

ತಪ್ಪು ತೀರ್ಮಾನಗಳು ಕೆಟ್ಟ ಮನಸ್ಸಿನಿಂದಲೇ ಆಗುತ್ತವೆ ಎಂದೇನಿಲ್ಲ. ಬಹುತೇಕ ಸಲ ಒಳ್ಳೆಯವರೇ ಕೂತು, ಒಪ್ಪುವಂತೆ ಕಾಣುವ ಒಂದು ವಾದವನ್ನು ಮುಂದಿಟ್ಟು, ಅದನ್ನು ಯಾರೂ ಪರೀಕ್ಷಿಸದೆ ಮುಂದುವರಿಯುತ್ತಾರೆ. ಆದ್ದರಿಂದ ಆ ವಾದಗಳನ್ನು ಮೊದಲೇ ಗುರುತಿಸಿಟ್ಟುಕೊಂಡು ಅವುಗಳಿಗೆ ಉತ್ತರವನ್ನೂ ಸಿದ್ಧವಾಗಿಟ್ಟುಕೊಳ್ಳುವುದು ಉಪಯುಕ್ತ.

‘ಅವನೇ ಒಪ್ಪಿಕೊಂಡಿದ್ದಾನೆ’ ಎಂಬುದು ಇವುಗಳಲ್ಲಿ ಅತ್ಯಂತ ಬಲವಾಗಿ ಕಾಣುವ ವಾದ. ಒಪ್ಪಿಗೆಗೆ ಬೆಲೆ ಬರಬೇಕಾದರೆ ಒಪ್ಪುವವನಿಗೆ ಅಪಾಯದ ಪೂರ್ಣ ತಿಳಿವಳಿಕೆ ಇರಬೇಕು, ಒಪ್ಪದೆ ಇರುವ ದಾರಿಯೂ ಇರಬೇಕು. ತಳದಲ್ಲಿ ಎಷ್ಟು ಅನಿಲವಿದೆ ಎಂದು ಅಳೆದೇ ಇಲ್ಲದಿರುವಾಗ ಅವನಿಗೆ ಮಾತ್ರವಲ್ಲ, ಯಾರಿಗೂ ಆ ತಿಳಿವಳಿಕೆ ಇಲ್ಲ. ಇನ್ನು ದಾರಿಯ ಮಾತು: ಆ ದಿನದ ಕೂಲಿ ಬಿಟ್ಟರೆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಬೇಡವೆಂದರೆ ಮೇಸ್ತ್ರಿ ನಾಳೆ ಇನ್ನೊಬ್ಬನನ್ನು ಕರೆಯುತ್ತಾನೆ ಎಂಬ ಸ್ಥಿತಿಯಲ್ಲಿರುವವನು ಆಡುವ ‘ಆಯ್ತು ಸಾರ್’ ಎಂಬ ಮಾತು ಒಪ್ಪಿಗೆಯಲ್ಲ, ನಿರುಪಾಯ. ಮಾಮೂಲಿಗಿಂತ ಎರಡು ಪಟ್ಟು ಹಣ ಕೊಡುತ್ತೇವೆ ಎಂದಾಗ ಆ ನಿರುಪಾಯವನ್ನು ನಾವು ಇನ್ನಷ್ಟು ಬಿಗಿಗೊಳಿಸುತ್ತೇವೆಯೇ ಹೊರತು ಅಪಾಯವನ್ನು ಒಂದು ಗೇಣೂ ಕಡಿಮೆ ಮಾಡುವುದಿಲ್ಲ. ಈ ಕೆಲಸಕ್ಕೆ ಬರುವವರು ಯಾರು ಎಂಬುದನ್ನೂ ನೋಡದೆ ಇರಲಾಗದು. ನಮ್ಮಲ್ಲಿ ಗುಂಡಿಗೆ ಇಳಿಯುವವರಲ್ಲಿ ಬಹುಪಾಲು ಜನ ಪರಿಶಿಷ್ಟ ಜಾತಿಗಳಿಗೆ ಸೇರಿದವರು. ಇದು ಯಾರೋ ಆರಿಸಿಕೊಂಡ ವೃತ್ತಿಯಲ್ಲ, ತಲೆಮಾರುಗಳಿಂದ ಹೇರಿಕೊಂಡು ಬಂದದ್ದು. ಮಲಹೊರುವ ಪದ್ಧತಿಯ ವಿರುದ್ಧ ಹೋರಾಡುವ ಸಫಾಯಿ ಕರ್ಮಚಾರಿ ಆಂದೋಲನವನ್ನು ಮುನ್ನಡೆಸಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿ ಬೆಳೆದದ್ದು ನಮ್ಮ ಕೋಲಾರದ ಚಿನ್ನದ ಗಣಿಯ ಊರಿನಲ್ಲಿ, ಇದೇ ಕೆಲಸಕ್ಕೆ ಕಟ್ಟಿಹಾಕಲ್ಪಟ್ಟಿದ್ದ ಕುಟುಂಬದಲ್ಲಿ. ನಿಮ್ಮ ಮಗನನ್ನೋ ತಮ್ಮನನ್ನೋ ಆ ಗುಂಡಿಗೆ ಇಳಿಸುತ್ತೀರಾ ಎಂಬ ಪ್ರಶ್ನೆಯನ್ನು ಸಭೆಯಲ್ಲಿ ಗಟ್ಟಿಯಾಗಿ ಕೇಳಿ. ಇಲ್ಲ ಎಂಬುದೇ ಉತ್ತರವಾದರೆ, ಇನ್ನೊಬ್ಬರ ಮಗನಿಗೆ ಬೇರೆ ಅಳತೆ ಯಾಕೆ ಎಂದು ವಿವರಿಸುವ ಹೊಣೆ ನಿಮ್ಮದು.

‘ಇಪ್ಪತ್ತು ವರ್ಷದಿಂದ ಮಾಡುತ್ತಿದ್ದಾನೆ, ಅನುಭವಸ್ಥ’ ಎಂಬುದು ಇನ್ನೊಂದು. ಅನುಭವದಿಂದ ಪಂಪು ಬಿಚ್ಚುವ ಕೈಚಳಕ ಬರುತ್ತದೆ. ಹೈಡ್ರೋಜನ್ ಸಲ್ಫೈಡನ್ನು ತಡೆಯುವ ಶ್ವಾಸಕೋಶ ಬರುವುದಿಲ್ಲ. ಹಿಂದಿನ ಸಲ ಏನೂ ಆಗಲಿಲ್ಲ ಎಂಬುದು ಈ ಸಲದ ಗಾಳಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ‘ಎರಡೇ ನಿಮಿಷದ ಕೆಲಸ’ ಎಂಬ ಮಾತಿಗೂ ಉತ್ತರ ಇದೇ, ಯಾಕೆಂದರೆ ಮನುಷ್ಯ ಕುಸಿಯಲು ಎರಡು ನಿಮಿಷ ಬೇಕಾಗಿಯೂ ಇಲ್ಲ.

‘ಅದು ಗುತ್ತಿಗೆದಾರನ ಜವಾಬ್ದಾರಿ’ ಎಂದು ಹೇಳುವ ಸಂಘ, ಅತಿ ಕಡಿಮೆ ದರ ಕೂಗಿದ ಗುತ್ತಿಗೆದಾರನನ್ನು ಆರಿಸಿಕೊಂಡದ್ದು ತಾನೇ ಎಂಬುದನ್ನು ನೆನಪಿಸಿಕೊಳ್ಳಬೇಕು. ಅನಿಲ ಮಾಪಕ, ಶುದ್ಧ ಗಾಳಿ ಊದುವ ಬ್ಲೋವರ್, ಇಳಿದವನನ್ನು ಮೇಲೆತ್ತಲು ಬಾಯಿಯ ಮೇಲೆ ನಿಲ್ಲಿಸುವ ಮೂರು ಕಾಲಿನ ಟ್ರೈಪಾಡ್, ತರಬೇತಿ ಪಡೆದ ತಂಡ, ವಿಮೆ ಇವುಗಳ ವೆಚ್ಚ ಆ ದರದೊಳಗೆ ಕೂರುವುದಿಲ್ಲ ಎಂದು ಲೆಕ್ಕ ಬಲ್ಲ ಯಾವ ಖಜಾಂಚಿಗೂ ತಿಳಿಯುತ್ತದೆ. ತಿಳಿದೂ ಸಹಿ ಹಾಕಿದ ಮೇಲೆ ಹೊಣೆ ಹಂಚಿಕೆಯಾಗುತ್ತದೆ, ವರ್ಗವಾಗುವುದಿಲ್ಲ.

ಕೊನೆಯದು, ‘ನೂರಾರು ಮನೆಯವರಿಗೆ ಶೌಚಾಲಯವಿಲ್ಲ, ಮಕ್ಕಳಿದ್ದಾರೆ, ವಯಸ್ಸಾದವರಿದ್ದಾರೆ’ ಎಂಬ ವಾದ. ಇದನ್ನು ತಳ್ಳಿಹಾಕುವಂತಿಲ್ಲ, ಇದು ನಿಜವಾದ ಕಷ್ಟ. ಆದರೆ ತಕ್ಕಡಿಯ ಎರಡು ತಟ್ಟೆಗಳಲ್ಲಿ ಇರುವುದು ಒಂದೇ ಜಾತಿಯ ವಸ್ತುವಲ್ಲ. ಒಂದು ಕಡೆ ಕೆಲವು ಗಂಟೆಗಳ, ಹೆಚ್ಚೆಂದರೆ ಒಂದೆರಡು ದಿನಗಳ ತೊಂದರೆ. ಅದಕ್ಕೆ ಬೇರೆ ಪರಿಹಾರಗಳಿವೆ. ಇನ್ನೊಂದು ಕಡೆ ಮರಳಿ ತರಲಾಗದ ಜೀವ.

ಅಡಚಣೆ ಉಂಟಾದ ದಿನ ಏನು ಮಾಡಬೇಕು

ಕೆಲಸ ಶುರುವಾಗುವ ಮುಂಚೆ ಕೇಳಬೇಕಾದ ಪ್ರಶ್ನೆ ‘ಯಾರು ಇಳಿಯುತ್ತಾರೆ’ ಎಂಬುದಲ್ಲ, ‘ಯಾರೂ ಇಳಿಯದೆ ಇದನ್ನು ಹೇಗೆ ಮಾಡಬಹುದು’ ಎಂಬುದು. ಈ ಎರಡನೆಯ ಪ್ರಶ್ನೆಯನ್ನು ಕೇಳಿದ ಕಡೆ ಬಹುತೇಕ ಸಲ ಉತ್ತರ ಸಿಕ್ಕಿಬಿಡುತ್ತದೆ.

ಮೊದಲು ಒಳಹರಿವನ್ನು ತಗ್ಗಿಸಿ. ನಿವಾಸಿಗಳಿಗೆ ವಿಷಯವನ್ನು ಮುಚ್ಚಿಡದೆ ತಿಳಿಸಿ, ಓವರ್‌ಹೆಡ್ ಟ್ಯಾಂಕಿನಿಂದ ನೀರು ಬಿಡುವ ಅವಧಿಯನ್ನು ಕಡಿಮೆ ಮಾಡಿ, ಬಟ್ಟೆ ಒಗೆಯುವ ಯಂತ್ರಗಳನ್ನು ನಿಲ್ಲಿಸಲು ಕೇಳಿಕೊಳ್ಳಿ. ಕಾರಣವನ್ನು ಸ್ಪಷ್ಟವಾಗಿ ಹೇಳಿ: ‘ಪಂಪು ಕೆಟ್ಟಿದೆ’ ಎಂದಷ್ಟೇ ಬರೆಯುವುದಕ್ಕಿಂತ ‘ಮನುಷ್ಯನನ್ನು ಇಳಿಸದೆ ದುರಸ್ತಿ ಮಾಡಿಸುತ್ತಿದ್ದೇವೆ, ಆದ್ದರಿಂದ ಸಮಯ ಹಿಡಿಯುತ್ತದೆ’ ಎಂದು ಬರೆದರೆ ಹೆಚ್ಚಿನವರು ತಾಳ್ಮೆ ತೋರುತ್ತಾರೆ ಎಂಬುದು ನಾನು ಕಂಡದ್ದು. ಹರಿವು ತಗ್ಗಿದ ಮೇಲೆ ಕೊಳಚೆಯನ್ನು ಹೀರಿಕೊಳ್ಳುವ ಸಕ್ಕಿಂಗ್ ವಾಹನ ತರಿಸಿ ತೊಟ್ಟಿಯನ್ನು ಹೊರಗಿನಿಂದಲೇ ಖಾಲಿ ಮಾಡಿಸಿ. ಕೊಳವೆ ಕಟ್ಟಿಕೊಂಡಿದ್ದರೆ ಜೆಟ್ಟಿಂಗ್ ಯಂತ್ರದಿಂದ ಒತ್ತಡದ ನೀರು ಹಾಯಿಸಿ. ಗಟ್ಟಿಯಾಗಿ ಕೂತ ಕೆಸರಿಗೆ ಮೇಲಿನಿಂದ ನೀರು ಹೊಡೆದು ಸಡಿಲಿಸಿ ಮತ್ತೆ ಎಳೆಯಬಹುದು. ಹೀಗೆ ಕಲಕುವಾಗಲೂ ಅನಿಲ ಏಳುತ್ತದೆ, ಆದ್ದರಿಂದ ನೆಲಮಾಳಿಗೆಯ ಆ ಭಾಗದಿಂದ ಎಲ್ಲರನ್ನೂ ದೂರವಿಟ್ಟು ಫ್ಯಾನುಗಳನ್ನು ಓಡಿಸಿ. ಪಂಪನ್ನು ಸರಪಣಿಯಿಂದ ಮೇಲೆತ್ತಿ ದುರಸ್ತಿ ಮಾಡಿ. ಜಾಲರಿಯ ಕಸವನ್ನು ಉದ್ದ ಹಿಡಿಯ ಕುಂಟೆಯಿಂದ ಮೇಲಿನಿಂದಲೇ ತೆಗೆಯಿರಿ. ಸಮಸ್ಯೆ ರಸ್ತೆಯ ಮ್ಯಾನ್‌ಹೋಲಿನದಾದರೆ ಅದನ್ನು ನೀವು ಮುಟ್ಟಲೇಬೇಡಿ, ಬೆಂಗಳೂರಿನಲ್ಲಾದರೆ ಜಲಮಂಡಳಿಗೆ, ಬೇರೆ ಊರುಗಳಲ್ಲಿ ಸ್ಥಳೀಯ ಸಂಸ್ಥೆಗೆ ದೂರು ಕೊಡಿ. 14420 ಸಹಾಯವಾಣಿಯೂ ಇದೆ.

ಸಕ್ಕಿಂಗ್ ವಾಹನ ನಾಳೆ ಬೆಳಿಗ್ಗೆ ಬರುತ್ತದೆ ಎಂದರೆ ನಾಳೆ ಬೆಳಿಗ್ಗೆಯ ತನಕ ಕಾಯಿರಿ. ರಾತ್ರಿಯ ಮಟ್ಟಿಗೆ ಕ್ಲಬ್‌ಹೌಸಿನ ಶೌಚಾಲಯವನ್ನು ಬೇರೆ ಸಾಲಿಗೆ ಜೋಡಿಸಿ ತೆರೆದಿಡಬಹುದೇ, ತಾತ್ಕಾಲಿಕ ಶೌಚಾಲಯ ತರಿಸಬಹುದೇ, ಕೆಳಮಹಡಿಯ ಕುಟುಂಬಗಳಿಗೆ ಮೇಲಿನವರು ಆಸರೆ ಕೊಡಬಹುದೇ ಎಂದು ನೋಡಿ. ಇದು ನಿಜವಾಗಿ ತುರ್ತಿನ ನಿರ್ವಹಣೆ.

ಇಷ್ಟಾದ ಮೇಲೂ ಮನುಷ್ಯ ಪ್ರವೇಶವಿಲ್ಲದೆ ಆಗದು ಎಂಬ ಕೆಲಸ ಅಪರೂಪಕ್ಕೆ ಉಳಿಯಬಹುದು, ಉದಾಹರಣೆಗೆ ಖಾಲಿ ಮಾಡಿ ತೊಳೆದ ತೊಟ್ಟಿಯೊಳಗಿನ ಕೊಳವೆಯ ಬದಲಾವಣೆ. ಒಳಚರಂಡಿಯ ವಿಷಯದಲ್ಲಿ 2013ರ ನಿಯಮಗಳು ಇಂಥ ಪ್ರವೇಶಕ್ಕೆ ಸ್ಥಳೀಯ ಸಂಸ್ಥೆಯ ಮುಖ್ಯಾಧಿಕಾರಿಯ ಲಿಖಿತ ಅನುಮತಿ ಬೇಕೆಂದೂ, ನಿಯಮಗಳಲ್ಲಿ ಹೆಸರಿಸಿದ ಕೆಲವೇ ಸಂದರ್ಭಗಳನ್ನು ಬಿಟ್ಟರೆ ಯಾಕೆ ಅನಿವಾರ್ಯ ಎಂಬುದನ್ನು ಬರವಣಿಗೆಯಲ್ಲಿ ದಾಖಲಿಸಬೇಕೆಂದೂ ಹೇಳುತ್ತವೆ. ನಿಮ್ಮ ಘಟಕದ ತೊಟ್ಟಿಗೂ ಅದೇ ಶಿಸ್ತನ್ನು ಅನ್ವಯಿಸಿಕೊಳ್ಳಿ. ಅನಿವಾರ್ಯತೆಯನ್ನು ಬರೆದಿಡಬೇಕಾಗಿ ಬಂದಾಗ ಅರ್ಧಕ್ಕರ್ಧ ‘ಅನಿವಾರ್ಯ’ಗಳು ತಾವಾಗಿಯೇ ಕರಗಿಹೋಗುತ್ತವೆ. ಅಂಥ ಪ್ರವೇಶವನ್ನು ಸೀಮಿತ ಜಾಗದ ಕೆಲಸದಲ್ಲಿ ತರಬೇತಿ ಪಡೆದ ತಂಡದಿಂದ ಮಾತ್ರ, ಹಗಲಿನಲ್ಲಿ, ಈ ಏರ್ಪಾಡುಗಳೆಲ್ಲ ಕಣ್ಣಮುಂದೆ ಇದ್ದಾಗ ಮಾಡಿಸಬೇಕು: ಒಳಹರಿವು ಮುಚ್ಚಿ, ಪಂಪು ಮತ್ತು ತೊಟ್ಟಿಯ ಕೊಳಚೆಗೆ ಗಾಳಿ ಊದುವ ಯಂತ್ರಗಳ ವಿದ್ಯುತ್ ಸ್ವಿಚ್ಚಿಗೆ ಬೀಗ ಹಾಕಿ, ಬೀಗದ ಕೈ ಇಳಿಯುವವನ ಬಳಿಯೇ ಇರಬೇಕು, ಬೇರೊಂದು ಬ್ಲೋವರ್‌ನಿಂದ ಹೊರಗಿನ ಶುದ್ಧ ಗಾಳಿ ತಳದ ತನಕ ಹೋಗಬೇಕು, ಆಮ್ಲಜನಕದ ಸಿಲಿಂಡರನ್ನು ಎಂದೂ ಒಳಗೆ ಬಿಡಬಾರದು, ಅದು ಬೆಂಕಿಯ ಅಪಾಯ; ಆಮ್ಲಜನಕ, ಸ್ಫೋಟಕ ಅನಿಲ, ಹೈಡ್ರೋಜನ್ ಸಲ್ಫೈಡ್, ಕಾರ್ಬನ್ ಮೊನಾಕ್ಸೈಡ್ ನಾಲ್ಕನ್ನೂ ತೋರಿಸುವ, ಅವಧಿ ಮೀರದ ಮಾಪಕದಿಂದ ಮೇಲೆ, ನಡುವೆ, ತಳ ಮೂರೂ ಕಡೆ ಹೊರಗಿನಿಂದ ಅಳೆಯಬೇಕು, ಇಳಿಯುವವನ ಮೈಗೆ ಪೂರ್ಣ ಹಾರ್ನೆಸ್ಸು ಎಂಬ ಸುರಕ್ಷಾ ಪಟ್ಟಿ, ಅದಕ್ಕೆ ಟ್ರೈಪಾಡಿನ ವಿಂಚಿನ, ಅಂದರೆ ಮೇಲೆಳೆಯುವ ರಾಟೆಯ, ಹಗ್ಗ, ಹೊರಗಿನಿಂದ ಗಾಳಿ ಪೂರೈಸುವ ಉಸಿರಾಟದ ಸಾಧನ ಇರಬೇಕು, ಬಾಯಿಯ ಬಳಿ ನಿಂತವನಿಗೆ ಬೇರೆ ಯಾವ ಕೆಲಸವನ್ನೂ ಹಚ್ಚಬಾರದು. ಇದರಲ್ಲಿ ಒಂದು ಇಲ್ಲದಿದ್ದರೂ ಆ ದಿನ ಕೆಲಸವಿಲ್ಲ. ‘ಹೆಚ್ಚಿನವು ಇವೆ, ಒಂದು ಮಾತ್ರ ಇಲ್ಲ’ ಎಂಬ ಚೌಕಾಶಿಗೆ ಇಲ್ಲಿ ಜಾಗವಿಲ್ಲ.

ನಿಲ್ಲಿಸುವ ಅಧಿಕಾರದ ಬಗ್ಗೆ ಒಂದು ಮಾತು. ಇಳಿಯುವವನು, ಬಾಯಿಯ ಬಳಿ ನಿಂತವನು, ಎಸ್‌ಟಿಪಿಯ ಆಪರೇಟರ್, ಈ ಮೂವರಲ್ಲಿ ಯಾರೊಬ್ಬ ಬೇಡವೆಂದರೂ ಕೆಲಸ ನಿಲ್ಲಬೇಕು, ಕಾರಣ ಕೇಳುವುದು ಆಮೇಲೆ. ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ನಂಬಬೇಕೆಂದೂ ಇಲ್ಲ. ಕೆಲಸ ನಿಂತರೂ ಆ ದಿನದ ಕೂಲಿ ಪೂರ್ತಿ ಸಿಗುತ್ತದೆ ಎಂಬುದು ಗುತ್ತಿಗೆಯಲ್ಲಿ ಬರೆದಿರಬೇಕು, ಒಮ್ಮೆ ಹಾಗೆ ಕೊಟ್ಟೂ ತೋರಿಸಬೇಕು. ಕೂಲಿಯ ಭದ್ರತೆಯಿಲ್ಲದ ನಿರಾಕರಣೆಯ ಹಕ್ಕು ಕಾಗದದ ಮೇಲಿನ ಹಕ್ಕು.

ಯಾರಾದರೂ ಒಳಗೆ ಕುಸಿದರೆ

ಈ ಭಾಗವನ್ನು ಕಾವಲುಗಾರರಿಗೂ ತೋಟದ ಕೆಲಸದವರಿಗೂ ಓದಿ ಹೇಳಿ. ಒಬ್ಬ ಕುಸಿದಾಗ ಇನ್ನೊಬ್ಬ ಅವನನ್ನು ಎತ್ತಲು ಹಾರುತ್ತಾನೆ, ಅವನೂ ಕುಸಿಯುತ್ತಾನೆ, ಮೂರನೆಯವನು ಇಳಿಯುತ್ತಾನೆ. ಸೀಮಿತ ಜಾಗಗಳ ಸಾವುಗಳಲ್ಲಿ ಶೇ. 60ಕ್ಕಿಂತ ಹೆಚ್ಚು ಮಂದಿ ರಕ್ಷಿಸಲು ಹೋದವರೇ ಎಂದು ನಿಯೋಶ್ 1986ರಲ್ಲೇ ಎಚ್ಚರಿಸಿತ್ತು. ಇಳಿಯುವವನು ಅಣ್ಣನೋ ಮಾವನೋ ಆಗಿರುವಾಗ ಬಾಯಿಯ ಬಳಿ ನಿಂತ ಹುಡುಗನನ್ನು ತಡೆಯುವುದು ಬಹಳ ಕಷ್ಟ. ಒಂದೇ ಕುಟುಂಬದವರನ್ನು ಜೋಡಿಯಾಗಿ ಈ ಕೆಲಸಕ್ಕೆ ತರಬಾರದು ಎಂದು ನಾನು ಒತ್ತಾಯಿಸುವುದು ಇದಕ್ಕೇ. ಉಸಿರಾಟದ ಸಾಧನವಿಲ್ಲದೆ ಯಾರೂ ಇಳಿಯಬಾರದು. ಹಾರ್ನೆಸ್ಸು ಮತ್ತು ವಿಂಚು ಇದ್ದರೆ ಹೊರಗಿನಿಂದಲೇ ಮೇಲೆಳೆಯಬಹುದು; ಆ ಏರ್ಪಾಡು ಇರುವುದೇ ಈ ಒಂದು ಗಳಿಗೆಗಾಗಿ. 112ಕ್ಕೆ ಕರೆ ಮಾಡಿ ‘ಗುಂಡಿಯಲ್ಲಿ ಅನಿಲದಿಂದ ಕುಸಿದಿದ್ದಾರೆ, ಉಸಿರಾಟದ ಸಾಧನವಿರುವ ಅಗ್ನಿಶಾಮಕ ತಂಡ ಬೇಕು’ ಎಂದು ನಿಖರವಾಗಿ ಹೇಳಿ, ಬ್ಲೋವರ್‌ನಿಂದ ಗಾಳಿ ಊದುವುದನ್ನು ನಿಲ್ಲಿಸಬೇಡಿ.

ಮೊದಲೇ ಮಾಡಿಡಬೇಕಾದದ್ದು

ಗುತ್ತಿಗೆ ನವೀಕರಣದ ಸಮಯ ಬಂದಾಗ ‘ಯಾವ ಕೆಲಸಕ್ಕೂ ತೊಟ್ಟಿಯೊಳಗೆ ಮನುಷ್ಯ ಪ್ರವೇಶವಿಲ್ಲ, ಅಪವಾದಕ್ಕೆ ಸಂಘದ ಅಧ್ಯಕ್ಷರೂ ನಿರ್ವಹಣಾ ಸಂಸ್ಥೆಯ ಹೊಣೆಗಾರರೂ ಇಬ್ಬರೂ ಕಾರಣ ಬರೆದು ಸಹಿ ಮಾಡಬೇಕು’ ಎಂಬ ಷರತ್ತನ್ನು ಸೇರಿಸಿ. ಸಹಿ ಹಾಕುವ ಅಧ್ಯಕ್ಷರು ಸ್ಥಳದಲ್ಲಿಯೇ ನಿಂತಿರಬೇಕು ಎಂದೂ ಸೇರಿಸಿ. ಉಪಗುತ್ತಿಗೆ ಕೊಡುವುದಾದರೆ ನಿಮಗೆ ತಿಳಿಸಿಯೇ ಕೊಡಬೇಕು. ಬಂದವರ ಹೆಸರು, ತರಬೇತಿಯ ದಾಖಲೆ, ವಿಮೆಯ ವಿವರ ಗೇಟಿನಲ್ಲೇ ನೋಡಿ ಒಳಬಿಡಲು ಕಾವಲುಗಾರನಿಗೆ ಲಿಖಿತ ಸೂಚನೆ ಇರಲಿ.

ಹಣವನ್ನು ನಿಜವಾಗಿ ಹಾಕಬೇಕಾದದ್ದು ಕಟ್ಟೋಣದ ಮೇಲೆ. ಕಟ್ಟಡ ಕಟ್ಟಿದವರು ಜಾಗ ಉಳಿಸಲೆಂದು ಎಸ್‌ಟಿಪಿಯನ್ನು ನೆಲಮಾಳಿಗೆಯ ಮೂಲೆಗೆ ತಳ್ಳಿ, ಮೇಲ್ಛಾವಣಿಗೂ ತೊಟ್ಟಿಗೂ ನಡುವೆ ಆಳೆತ್ತರವನ್ನೂ ಬಿಡದೆ ಹೋಗಿರುವ ಕಡೆಗಳಲ್ಲಿ ಪಂಪನ್ನು ಮೇಲೆತ್ತಲು ಜಾಗವೇ ಇರುವುದಿಲ್ಲ. ಆಗ ಇಳಿದೇ ಬಿಚ್ಚಬೇಕಾಗುತ್ತದೆ. ಪಂಪುಗಳು ಮೇಲಕ್ಕೂ ಕೆಳಕ್ಕೂ ಜಾರಲು ಗೈಡ್ ರೈಲು ಮತ್ತು ತುಕ್ಕು ಹಿಡಿಯದ ಸರಪಣಿ ಕೂರಿಸುವುದು, ಮೇಲೆ ತೂಗುಕೊಂಡಿ ಹಾಕಿಸುವುದು, ತಳದ ಗಾಳಿಕೊಳವೆಗಳನ್ನು ಹೊರಗಿನಿಂದಲೇ ಎಳೆದು ತೆಗೆಯಬಹುದಾದ ಬಗೆಗೆ ಬದಲಿಸುವುದು, ಒಂದು ಪಂಪು ಕೆಟ್ಟರೆ ಓಡಲು ಇನ್ನೊಂದನ್ನು ಸದಾ ಸಿದ್ಧವಾಗಿಡುವುದು, ಸಕ್ಕಿಂಗ್ ಪೈಪು ಹೊರಗಿನಿಂದ ನೇರ ತೊಟ್ಟಿಗೆ ತಲಪುವಂತೆ ಒಂದು ಕೊಳವೆಯನ್ನು ಶಾಶ್ವತವಾಗಿ ಹಾಕಿಸುವುದು, ಕೋಣೆಗೆ ಅನಿಲ ಎಚ್ಚರಿಕೆಯ ಗಂಟೆ ಮತ್ತು ಹೊರದಬ್ಬುವ ಫ್ಯಾನು ಕೂರಿಸುವುದು, ಇವು ಒಂದೇ ವರ್ಷದ ಬಜೆಟ್ಟಿನಲ್ಲಿ ಆಗದಿರಬಹುದು. ಹಾಗಾದರೆ ಮನುಷ್ಯನನ್ನು ಇಳಿಸುವ ಪ್ರಸಂಗ ಯಾವುದರಿಂದ ಹೆಚ್ಚು ಬರುತ್ತದೆಯೋ ಅದನ್ನು ಮೊದಲು ಸರಿಪಡಿಸಿ. ಮಹಾಸಭೆಯಲ್ಲಿ ಲಾಬಿಯ ಗ್ರಾನೈಟಿಗೂ ಈ ಬಾಬ್ತಿಗೂ ನಡುವೆ ಮತ ಹಾಕಬೇಕಾಗಿ ಬಂದರೆ, ಎರಡನೆಯದನ್ನು ಮುಂದೂಡುವುದರ ಪರಿಣಾಮ ಏನೆಂದು ಆಪರೇಟರ್‌ನನ್ನೇ ವೇದಿಕೆಗೆ ಕರೆದು ಹೇಳಿಸಿ. ಆ ಆಪರೇಟರ್ ರಾತ್ರಿ ಎಲ್ಲಿ ಮಲಗುತ್ತಾನೆ ಎಂಬುದನ್ನೂ ಒಮ್ಮೆ ಹೋಗಿ ನೋಡಿ. ಘಟಕದ ಪಕ್ಕದ ಗಾಳಿಯಿಲ್ಲದ ಕೋಣೆಯಲ್ಲೇ ಆಗಿದ್ದರೆ ಅದನ್ನು ಇಂದೇ ಬದಲಿಸಿ.

ಅಡಚಣೆಗಳ ಮೂಲ ನಮ್ಮ ಮನೆಗಳಲ್ಲೇ ಇದೆ. ಸ್ಯಾನಿಟರಿ ಪ್ಯಾಡು, ಡಯಪರು, ಒದ್ದೆ ಒರೆಸುವ ಬಟ್ಟೆ, ಅಡುಗೆಯ ಜಿಡ್ಡು ಕಮೋಡಿಗೋ ಸಿಂಕಿಗೋ ಹೋಗದಂತೆ ನೋಡಿಕೊಳ್ಳುವುದು ಪ್ರತಿ ನಿವಾಸಿಯ ಕೆಲಸ.

ತಪ್ಪಿಹೋದ ಅನಾಹುತಗಳನ್ನು ಬರೆದಿಡಿ

ಇಳಿದವನಿಗೆ ತಲೆ ಸುತ್ತಿತು, ಕಣ್ಣುರಿ ಬಂತು, ಹೊರಬಂದು ವಾಂತಿ ಮಾಡಿಕೊಂಡ, ಆಮೇಲೆ ಸರಿಹೋಯಿತು ಎಂಬ ಪ್ರಸಂಗಗಳು ಸಾವಿಗಿಂತ ಒಂದು ಹೆಜ್ಜೆ ಹಿಂದೆ ನಿಂತವು. ಇವನ್ನು ಹೇಳಿದ ಕೆಲಸಗಾರನ ಮೇಲೆ ಕ್ರಮ ಕೈಗೊಂಡರೆ ಮುಂದೆ ಯಾರೂ ಹೇಳುವುದಿಲ್ಲ. ದಿನಾಂಕ, ಯಾವ ತೊಟ್ಟಿ, ಮಾಪಕ ಏನು ತೋರಿಸಿತು, ಯಾರು ಇಳಿಯಲು ಹೇಳಿದರು, ಯಾಕೆ ಇಳಿಯಬೇಕಾಯಿತು ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದು ಪ್ರತಿ ತಿಂಗಳ ಸಭೆಯಲ್ಲಿ ಓದಿ. ಕನ್ನಡ ಓದಲು ಬಾರದ ಕೆಲಸಗಾರರಿದ್ದರೆ ಅವರ ನುಡಿಯಲ್ಲಿ ಕೇಳಿ ಬರೆದುಕೊಳ್ಳಿ.

ದುರದೃಷ್ಟವಶಾತ್ ಸಾವೇ ಸಂಭವಿಸಿದರೆ ಅಲ್ಲಿಯೂ ತೀರ್ಮಾನಗಳಿವೆ, ಅವನ್ನು ಮೊದಲೇ ಬರೆದಿಡುವುದು ಒಳ್ಳೆಯದು. ಜಾಗವನ್ನು ತೊಳೆಯಬಾರದು, ಸಿಸಿಟಿವಿಯ ದೃಶ್ಯ ಅಳಿಸಬಾರದು, ‘ಕಾಲು ಜಾರಿ ಬಿದ್ದ’ ಎಂಬ ಕಥೆ ಕಟ್ಟಬಾರದು. ಪೊಲೀಸರಿಗೂ ಜಿಲ್ಲಾಧಿಕಾರಿಗಳ ಕಚೇರಿಗೂ ಅದೇ ದಿನ ತಿಳಿಸಬೇಕು. ಮೃತನ ಮನೆಯವರನ್ನು ಶವಾಗಾರದ ಮುಂದೆ ನಿಲ್ಲಿಸಿಕೊಂಡು ಒಂದಿಷ್ಟು ಹಣ ಕೊಟ್ಟು ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಪದ್ಧತಿಗೆ ಯಾವ ಪದಾಧಿಕಾರಿಯೂ ಕೈಜೋಡಿಸಬಾರದು. 30 ಲಕ್ಷ ರೂಪಾಯಿಯ ಪರಿಹಾರ ಅವರಿಗೆ ಸಲ್ಲಬೇಕಾದದ್ದು ಎಂಬುದನ್ನು ನೀವೇ ಅವರಿಗೆ ಹೇಳಿ, ಅರ್ಜಿ ಬರೆಯಲು ಸಹಾಯ ಮಾಡಿ, ಅಂತ್ಯಕ್ರಿಯೆಯ ವೆಚ್ಚವನ್ನೂ ಹಣ ಕೈಸೇರುವ ತನಕದ ಮನೆಖರ್ಚನ್ನೂ ಸಂಘದ ನಿಧಿಯಿಂದ ಭರಿಸಿ, ಮತ್ತು ಈ ನೆರವಿನ ಯಾವ ರಸೀದಿಯಲ್ಲೂ ‘ಇನ್ನು ನಮ್ಮ ಮೇಲೆ ಯಾವ ತಕರಾರೂ ಇಲ್ಲ’ ಎಂಬ ಸಾಲನ್ನು ಸೇರಿಸಬೇಡಿ.